ಸಂಗನಕಲ್ಲಿನ ಕರಿಕಲ್ಲು

ಬಳ್ಳಾರಿ ಪೇಟೆ ದಾಟಿ ಈಶಾನ್ಯಕ್ಕೆ ಹೊರಟರೆ ಸ್ವಲ್ಪ ದೂರದಲ್ಲೇ ಸಂಗನಕಲ್ಲು. ಸುತ್ತ ಎರೆಹೊಲ, ನಡುವೆ ಬೋಳು ಗುಡ್ಡಗಳು: ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ, ಪಕ್ಕದ ಕುಪ್ಪಗಲ್ಲಿನ ಹಿರೇಗುಡ್ಡ. ನಮ್ಮ ಬಹಳ ಊರುಗಳ ಚರಿತ್ರೆ ಯಾವುದೋ ಶಾಸನದಿಂದ ಶುರುವಾಗುತ್ತದೆ. ಇಲ್ಲಿ ಅಕ್ಷರ ಹುಟ್ಟುವ ಎಷ್ಟೋ ಮೊದಲೇ ಕಲ್ಲಿನ ಕಸುಬು ಜೋರಾಗಿ ನಡೆದಿತ್ತು. ಹಾಗಾಗಿ ಕಲ್ಲು ಗುರುತು ಹಿಡಿಯಲು ಬಂದವರಿಗಷ್ಟೇ ಈ ಊರು ಬಾಯಿ ಬಿಡುತ್ತದೆ.

ಗುಡ್ಡ ಹತ್ತುವಾಗ ಕಾಲಡಿಯದೆಲ್ಲ ಗ್ರಾನೈಟ್. ಮಳೆ ಬಿಸಿಲಿಗೆ ಬಣ್ಣಗೆಟ್ಟ ಹೊರಮೈ ನಂಬಬೇಡಿ, ಹೊಸದಾಗಿ ಒಡೆದ ಚೂರು ಹುಡುಕಿ. ಅದರಲ್ಲಿ ಚಾಕು ಗೀರಿದರೂ ಗೆರೆ ಬೀಳದ ಮಸುಕು ಹರಳು ಬೆಣಚು. ಬಿಸಿಲಿಗೆ ತಿರುಗಿಸಿದರೆ ಚಪ್ಪಟೆ ಮುಖ ಫಳಕ್ಕೆಂದು ಹೊಳೆಯುವ ಬಿಳಿ, ನಸುಗೆಂಪು ಹರಳು ಫೆಲ್ಡ್‌ಸ್ಪಾರ್. ಉಗುರಿಗೆ ಪದರು ಪದರಾಗಿ ಏಳುವ ಕಪ್ಪು ಚೂರು ಕಾಗೆಬಂಗಾರ. ಹೊಲಕ್ಕಿಳಿದರೆ ಎರೆಮಣ್ಣಿನಲ್ಲಿ ಸುಣ್ಣದ ಗಂಟುಗಳೂ ಸಿಗುತ್ತವೆ. ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆಯಾಡುತ್ತವೆ.

ಹಿರೇಗುಡ್ಡದ ಮೇಲೆ ಮಾತ್ರ ಗ್ರಾನೈಟನ್ನು ಸೀಳಿಕೊಂಡು ಕರಿಗಲ್ಲಿನ ಪಟ್ಟೆಯೊಂದು ಹೋಗಿದೆ. ಅದು ಡಾಲರೈಟ್. ನೆಲದಾಳದ ಶಿಲಾರಸ ಗ್ರಾನೈಟಿನ ಬಿರುಕಿಗೆ ನುಗ್ಗಿ ಬೇಗ ಆರಿದ್ದರಿಂದ ಅದರ ಹರಳುಗಳು ಗ್ರಾನೈಟಿನವಕ್ಕಿಂತ ಬಹಳ ಸಣ್ಣವು. ಹೊರಗೆ ತುಕ್ಕಿನ ಬಣ್ಣ, ಒಳಗೆ ಅಚ್ಚಗಪ್ಪು, ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಗ್ರಾನೈಟಿಗೆ ಪೆಟ್ಟು ಕೊಟ್ಟರೆ ಹರಳು ಹರಳಾಗಿ ಉದುರುತ್ತದೆ, ಡಾಲರೈಟ್ ಚೂಪಾದ ಚಕ್ಕೆಯಾಗಿ ಏಳುತ್ತದೆ. ಕೊಡಲಿಗೆ ಬೇಕಾದದ್ದು ಇದೇ ಗುಣ. ಕ್ರಿ.ಪೂ. ಎರಡನೇ ಸಹಸ್ರಮಾನದಲ್ಲಿ ಇಲ್ಲಿ ದನ ಸಾಕಿಕೊಂಡು, ಹುರುಳಿ, ಹೆಸರು, ಕೊರಲೆ ಉಣ್ಣುತ್ತಿದ್ದ ಜನ ಈ ವ್ಯತ್ಯಾಸವನ್ನು ಯಾವ ಪುಸ್ತಕವೂ ಇಲ್ಲದೆ ಅರಿತಿದ್ದರು. ಅವರ ಕೊಡಲಿ ಕಾರ್ಖಾನೆಯ ಚಕ್ಕೆಗಳ ರಾಶಿ ಗುಡ್ಡದ ಮೇಲಿದೆ, ಅಂಚು ಮಸೆದ ಬಂಡೆಗಳಲ್ಲಿ ತೋಡುಗಳು ಉಳಿದಿವೆ. ಉದ್ದಕೊಂಬಿನ ಗೂಳಿಗಳನ್ನು ಇದೇ ಕರಿಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗಳಂತೂ ಬಡಿದರೆ ಗಂಟೆಯಂತೆ ದನಿ ಕೊಡುತ್ತವೆ. ನನ್ನನ್ನು ಕೇಳಿದರೆ ಹಂಪಿ ನೋಡಲು ಬಂದವರು ಅರ್ಧ ದಿನ ಇಲ್ಲಿಗೂ ಮೀಸಲಿಡಬೇಕು. ಕಲ್ಲುಗಣಿಯ ಕೆಲಸದಿಂದ ಕೆಲವು ಚಿತ್ರ ಆಗಲೇ ಹಾಳಾಗಿವೆ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಈ ಗುಡ್ಡಗಳ ಮಹತ್ವ ಕಂಡವನು. ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೆ ಅವನ ಹೆಸರಿದೆ. 1940ರ ದಶಕದಲ್ಲಿ ಬಿ. ಸುಬ್ಬರಾವ್ ಉತ್ಖನನ ಮಾಡಿದರು.

ಈ ಸೀಮೆಯಲ್ಲಿ ಅನುಭವಿಗಳನ್ನೂ ದಾರಿ ತಪ್ಪಿಸಬಲ್ಲ ಕಲ್ಲೊಂದಿದೆ. ಕುಪ್ಪಗಲ್ಲು, ಕುಡತಿನಿ ಕಡೆಯ ಬೂದಿದಿಬ್ಬಗಳಲ್ಲಿ ಸಿಗುವ, ಗುಳ್ಳೆಗುಳ್ಳೆಯಾದ ಹಗುರ ಕಿಟ್ಟ ಅದು. ನೋಡಿದರೆ ಜ್ವಾಲಾಮುಖಿಯದೇ ಅನ್ನಿಸುತ್ತದೆ. ಆದರೆ ಅದು ದನದೊಡ್ಡಿಯ ಸಗಣಿ ರಾಶಿ ಬೆಂದು, ಕರಗಿ, ಗಟ್ಟಿಯಾದದ್ದು. ಫೂಟ್ ಊಹಿಸಿದ್ದ ಇದನ್ನು ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ ಉಟ್ನೂರಿನ ಇಂಥದೇ ಬೂದಿದಿಬ್ಬ ಅಗೆದು ಖಚಿತಪಡಿಸಿದರು. ಅಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕಿದ್ದವು.