ನೀರ್ಗಲ್ಲಿನ ಮೇಲಣ ಒಲೆ: ಶೀತದೇಶಗಳ ಏಕಾಂಗಿ ಶಿಬಿರವಾಸ ಮತ್ತು ಮತ್ಸ್ಯಬೇಟೆಯ ಚರಿತ್ರೆ

ಉತ್ತರ ಅಮೆರಿಕದ ಹಾಗೂ ಸ್ಕ್ಯಾಂಡಿನೇವಿಯದ ಸರೋವರಗಳು ಹೆಪ್ಪುಗಟ್ಟಿ ನೆಲದಂತೆ ಗಟ್ಟಿಯಾಗುವ ಪುಷ್ಯ ಮಾಘ ಮಾಸಗಳಲ್ಲಿ, ಒಬ್ಬನೇ ಒಬ್ಬ ಮನುಷ್ಯನು ತನ್ನ ಸಾಮಾನಿನ ಜಾರುಬಂಡಿಯನ್ನು ತಾನೇ ಎಳೆದುಕೊಂಡು ಹೋಗಿ, ನೀರ್ಗಲ್ಲಿನ ಮೇಲೆ ಗುಡಾರ ಹೂಡಿ, ಅದರೊಳಗೆ ತಗಡಿನ ಒಲೆಯನ್ನು ಹೊತ್ತಿಸಿ, ಮಗ್ಗುಲಲ್ಲೇ ಕೊರೆದ ರಂಧ್ರದೊಳಕ್ಕೆ ಗಾಳವನ್ನು ಇಳಿಬಿಟ್ಟುಕೊಂಡು ಇರುಳನ್ನು ಕಳೆಯುವುದು ಆ ದೇಶಗಳಲ್ಲಿ ಇಂದು ಬಹುಜನರ ವಿನೋದವಾಗಿದೆ. ಹೊರಗಿನಿಂದ ನೋಡುವವರಿಗೆ ಇದು ಆ ನಾಡುಗಳ ಅನಾದಿಕಾಲದ ಆಚಾರವೆಂದು ತೋರುವುದು ಸಹಜ. ಚಳಿ ಇದ್ದಲ್ಲಿ ಒಲೆ, ಮೀನಿದ್ದಲ್ಲಿ ಗಾಳ, ಇವೆರಡರ ಮೇಲೊಂದು ಮರೆ ಎಂಬ ಸರಳ ತರ್ಕವೇ ಇದನ್ನು ಹುಟ್ಟಿಸಿರಬೇಕೆಂದು ಊಹಿಸುವುದೂ ಸುಲಭ. ದಾಖಲೆಗಳ ಸಾಕ್ಷ್ಯವು ಈ ಊಹೆಯನ್ನು ಸಮರ್ಥಿಸುವುದಿಲ್ಲ. ಮೀನಿನ ರಂಧ್ರದ ಮೇಲಣ ಮರೆಯು ಉತ್ತರ ಅಮೆರಿಕದಲ್ಲಿ ಮೊದಲು ಕಾಣಿಸಿಕೊಳ್ಳುವುದು ಬೆಚ್ಚಗಿರಲೆಂದಲ್ಲ, ಕತ್ತಲೆಗಾಗಿ. ಒಲೆಯುಳ್ಳ ಗುಡಾರವಾದರೋ ಸೈನಿಕರ ಮತ್ತು ತುಪ್ಪುಳುಬೇಟೆಗಾರರ ನೆಲದ ದಾರಿಗಳಲ್ಲಿ ಪ್ರತ್ಯೇಕವಾಗಿ ಬೆಳೆದು ಬಂದುದು. ಈ ಎರಡು ಪರಂಪರೆಗಳ ಸಂಗಮವು ತೀರ ಈಚಿನದೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ.

ಮೊದಲಿಗೆ ನೀರಿನ ಸ್ವಭಾವವನ್ನು ಕುರಿತು ಒಂದೆರಡು ಮಾತು. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆಯಾದ್ದರಿಂದ, ಚಳಿಗಾಲದ ಸರೋವರದಲ್ಲಿ ಆ ಉಷ್ಣತೆಯ ನೀರು ತಳದಲ್ಲಿ ನಿಂತು, ಅದಕ್ಕಿಂತ ತಣ್ಣನೆಯದು ಮೇಲೆ ಬಂದು ಹೆಪ್ಪುಗಟ್ಟುತ್ತದೆ. ಮೀನುಗಳು ಆ ಹೊದಿಕೆಯ ಕೆಳಗೆ ಮಂದಗತಿಯಲ್ಲಿಯಾದರೂ ಬದುಕಿಯೇ ಇರುತ್ತವೆ. ಈ ಮೀನನ್ನು ಹಿಡಿಯುವ ಕಲೆ ಬಹು ಪ್ರಾಚೀನವಾದುದು. ಸ್ವೀಡನ್ನಿನ ಧರ್ಮಗುರು ಓಲಾಸ್ ಮ್ಯಾಗ್ನಸ್ 1555ರಲ್ಲಿ ರೋಮ್ ನಗರದಲ್ಲಿ ಪ್ರಕಟಿಸಿದ ಉತ್ತರದೇಶೀಯರ ಚರಿತ್ರೆಯಲ್ಲಿ ಹೆಪ್ಪುಗಟ್ಟಿದ ನೀರಿನಡಿ ಬಲೆ ಹಾಯಿಸುವ ಕ್ರಮವನ್ನು ಚಿತ್ರಸಮೇತ ವಿವರಿಸಿದ್ದಾನೆ. ಫ್ರಾನ್ಸಿನ ಪಾದ್ರಿ ಗಾಬ್ರಿಯೆಲ್ ಸಗಾರ್, ಇಂದಿನ ಕೆನಡದ ಹ್ಯೂರನ್ ಜನರ ನಡುವೆ 1623-24ರ ಚಳಿಗಾಲವನ್ನು ಕಳೆದು 1632ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ, ಸಾಲಾಗಿ ರಂಧ್ರಗಳನ್ನು ಕಡಿದು, ಉದ್ದನೆಯ ಕೋಲಿನ ಸಹಾಯದಿಂದ ಬಲೆಯ ಹಗ್ಗವನ್ನು ಒಂದರಿಂದ ಮತ್ತೊಂದಕ್ಕೆ ದಾಟಿಸುವ ವಿಧಾನವು ವರ್ಣಿತವಾಗಿದೆ. ಪರಸ್ಪರ ಬಹುದೂರದ ಎರಡು ಭೂಖಂಡಗಳಲ್ಲಿ ಒಂದೇ ಉಪಾಯವು ಕಾಣಿಸಿಕೊಂಡಿರುವುದು ಗಮನಾರ್ಹ. ಆದರೆ ಇದು ಸಮೂಹದ ಕೆಲಸ, ಬಯಲಿನ ಕೆಲಸ. ಇಲ್ಲಿ ಗುಡಾರಕ್ಕೂ ಏಕಾಂತಕ್ಕೂ ಎಡೆಯಿಲ್ಲ.

ಏಕಾಂಗಿ ಬೇಟೆಗಾರನು ನಮಗೆ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ತುಪ್ಪುಳಿನ ವ್ಯಾಪಾರಿ ಅಲೆಗ್ಸಾಂಡರ್ ಹೆನ್ರಿಯ ಬರಹದಲ್ಲಿ. 1760ರ ದಶಕದಲ್ಲಿ ಮಹಾಸರೋವರಗಳ ತೀರದಲ್ಲಿ ಒಜಿಬ್ವೆ ಜನರೊಂದಿಗೆ ಬಾಳಿದ ಈತನ ಪ್ರವಾಸಗ್ರಂಥವು 1809ರಲ್ಲಿ ಪ್ರಕಟವಾಯಿತು. ನೀರ್ಗಲ್ಲಿನಲ್ಲಿ ಅಗಲವಾದ ರಂಧ್ರವನ್ನು ಕಡಿದು, ಅದರ ಮೇಲೆ ಸಣ್ಣ ರೆಂಬೆಗಳಿಂದ ಎರಡಡಿಯಷ್ಟೇ ಎತ್ತರದ ಗೂಡನ್ನು ಕಟ್ಟಿ, ಬೆಳಕು ಲವಲೇಶವೂ ನುಸುಳದಂತೆ ಚರ್ಮಗಳನ್ನು ಹೊದಿಸಿ, ಒಳಗೆ ಈಟಿ ಹಿಡಿದು ಕಾಯುವ ಕ್ರಮವನ್ನು ಆತನು ಹೇಳುತ್ತಾನೆ. ಎರಡಡಿ ಎತ್ತರದ ಗೂಡಿನಲ್ಲಿ ಮನುಷ್ಯನು ಕೂರಲಾರ, ಒಲೆ ಹೂಡಲಾರ. ಬೋರಲು ಮಲಗಿ ತಲೆಯನ್ನೂ ತೋಳನ್ನೂ ಒಳಗಿರಿಸಿಕೊಳ್ಳಬಹುದು, ಅಷ್ಟೇ. ಇದು ಚಳಿಯನ್ನು ತಡೆಯುವ ವಾಸಸ್ಥಾನವಲ್ಲವೆಂಬುದಕ್ಕೆ ಈ ಅಳತೆಗಿಂತ ಬೇರೆ ಪ್ರಮಾಣವೇನು ಬೇಕು? ಕಾರಣವೂ ನಿಗೂಢವಾದುದಲ್ಲ. ಬಯಲಿನಲ್ಲಿ ನಿಂತು ರಂಧ್ರದೊಳಕ್ಕೆ ಇಣುಕಿದರೆ ಆಕಾಶದ ಪ್ರತಿಬಿಂಬವೇ ಕಣ್ಣಿಗೆ ಹೊಡೆಯುತ್ತದೆ. ಮೇಲೆ ಕತ್ತಲೆ ಕವಿದಾಗಲಾದರೋ ಸುತ್ತಲಿನ ನೀರ್ಗಲ್ಲಿನ ಮೂಲಕ ಹಾಯ್ದು ಬಂದ ಬೆಳಕಿನಿಂದ ಕೆಳಗಿನ ನೀರು ಹಸಿರಾಗಿ ಬೆಳಗಿ, ಬಹು ಆಳದವರೆಗೆ ನಿಚ್ಚಳವಾಗಿ ಕಾಣಿಸುತ್ತದೆ. ಬೇಟೆಗಾರನು ಎಡಗೈಯಲ್ಲಿ ದಾರದಿಂದ ಕಟ್ಟಿದ ಮರದ ಮೀನೊಂದನ್ನು ಮೆಲ್ಲನೆ ಆಡಿಸುತ್ತ, ಅದನ್ನು ಕಂಡು ಸಮೀಪಿಸುವ ದೊಡ್ಡ ಮೀನಿಗೆ ಬಲಗೈಯ ಈಟಿಯನ್ನು ಗುರಿಯಿಡುತ್ತಾನೆ. ಹೊಟ್ಟೆಯಲ್ಲಿ ಭಾರವನ್ನು ತುಂಬಿ, ರೆಕ್ಕೆಗಳನ್ನು ವಾರೆಯಾಗಿಸಿ, ಜೀವವಿದ್ದಂತೆ ಸುತ್ತಿ ಈಜುವ ಹಾಗೆ ಕೆತ್ತಿದ ಈ ದಾರುಮತ್ಸ್ಯಗಳಿಗೆ ವಿಸ್ಕಾನ್ಸಿನ್ ರಾಜ್ಯದ ಲಾಕ್ ದು ಫ್ಲಾಂಬೋದ ಒಜಿಬ್ವೆ ಶಿಲ್ಪಿಗಳು ಹೆಸರುವಾಸಿಯಾದವರು; ಇಂದು ಅವು ಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳನ್ನು ಅಲಂಕರಿಸಿವೆ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಉತ್ತರಧ್ರುವ ಪ್ರಾಂತದ ಇನುಯಿಟ್ ಜನರು ಹೆಪ್ಪುಗಟ್ಟಿದ ಸಮುದ್ರದ ಮೇಲೆಯೇ ಹಿಮದ ಮನೆಗಳನ್ನು ಕಟ್ಟಿ, ಸೀಲ್ ಪ್ರಾಣಿಯ ಕೊಬ್ಬಿನಿಂದ ಉರಿಯುವ ಕಲ್ಲಿನ ದೀಪದಿಂದ ಅವನ್ನು ಬೆಚ್ಚಗಿರಿಸಿಕೊಂಡು ಬಾಳಿದವರಲ್ಲವೇ? ನಿಜ. ಆದರೆ ಅದು ಕುಟುಂಬದ ಮನೆ. ದೀಪವನ್ನು ಕಾಯುವುದು ಗೃಹಿಣಿಯ ಅಧಿಕಾರ. ಬೇಟೆಯಾದರೋ ಮನೆಯಿಂದ ದೂರದಲ್ಲಿ, ಸೀಲ್ ಉಸಿರಾಡಲು ಬರುವ ರಂಧ್ರದ ಪಕ್ಕದಲ್ಲಿ, ಕೊರೆಯುವ ಗಾಳಿಯಲ್ಲಿ ನಿಶ್ಚಲವಾಗಿ ನಿಂತು ನಡೆಯುತ್ತಿತ್ತು. ಬೆಚ್ಚನೆಯ ನೆಲೆ ಒಂದೆಡೆ, ಬೇಟೆಯ ನೆಲೆ ಮತ್ತೊಂದೆಡೆ. ಆದುದರಿಂದ ಈ ಉದಾಹರಣೆಯು ನಮ್ಮ ವಾದಕ್ಕೆ ಬಾಧಕವಲ್ಲ, ಪೋಷಕವೇ ಸರಿ.

ಇನ್ನು ಒಲೆಯ ಕಥೆ. ಅಮೆರಿಕದ ಸೈನ್ಯಾಧಿಕಾರಿ ಹೆನ್ರಿ ಹಾಪ್‌ಕಿನ್ಸ್ ಸಿಬ್ಲಿಯು ಬಯಲುಸೀಮೆಯ ಮೂಲನಿವಾಸಿಗಳ ಶಂಕುವಿನಾಕಾರದ ಚರ್ಮದ ಡೇರೆಗಳನ್ನು ಕಂಡು, ಅದೇ ಆಕಾರದ ಕ್ಯಾನ್ವಾಸ್ ಗುಡಾರವನ್ನು ರೂಪಿಸಿ 1856ರಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ಮೂಲನಿವಾಸಿಗಳು ನಡುವೆ ಬೆಂಕಿಯನ್ನು ಉರಿಸಿ ಹೊಗೆಯನ್ನು ಮೇಲ್ಗಂಡಿಯಿಂದ ಹೋಗಗೊಡುತ್ತಿದ್ದರಷ್ಟೆ. ಸಿಬ್ಲಿಯ ಹೆಸರಿನಿಂದಲೇ ಪ್ರಸಿದ್ಧವಾದ ಒಲೆಯು ತಳವಿಲ್ಲದ, ಕೆಳಗೆ ಅಗಲವಾಗಿ ಮೇಲೆ ಕಿರಿದಾದ, ತಗಡಿನ ಒಂದು ಶಂಕುವಾಗಿದ್ದು, ನೆಲದ ಮೇಲೆಯೇ ಕುಳಿತು ಕೊಳವೆಯ ಮೂಲಕ ಹೊಗೆಯನ್ನು ಹೊರಕ್ಕೆ ಸಾಗಿಸುತ್ತಿತ್ತು. ಸಿಬ್ಲಿಯು ಅಂತರ್ಯುದ್ಧದಲ್ಲಿ ದಕ್ಷಿಣದ ಪಕ್ಷವನ್ನು ಸೇರಿ ಸೇನಾಪತಿಯಾಗಿ ವಿಫಲನಾದನು. ಅವನ ಒಲೆಯಾದರೋ ಅವನ ವೈರಿಗಳ ಸೈನ್ಯದಲ್ಲಿಯೇ ತಲೆಮಾರುಗಳ ಕಾಲ ಉರಿಯಿತು. ಕಾಶ್ಮೀರ ಲಡಾಖ್‌ಗಳಲ್ಲಿ ಸೇವೆ ಸಲ್ಲಿಸಿ ಬಂದ ನಮ್ಮ ಕೊಡಗಿನ ಯೋಧರಿಗೆ ಪರಿಚಿತವಾದ ಬುಖಾರಿಯೂ ಇದೇ ತತ್ತ್ವದ, ಹೊಗೆಕೊಳವೆಯುಳ್ಳ ಒಲೆಯೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು.

ಹೊಗೆಕೊಳವೆಗೆ ನಾನು ಇಷ್ಟು ಮಹತ್ವವನ್ನು ಕೊಡುವುದಕ್ಕೆ ಕಾರಣವಿದೆ. ಇಂಧನವು ಉರಿದಾಗ ಉಷ್ಣದೊಂದಿಗೆ ನೀರೂ ಹುಟ್ಟುತ್ತದೆ; ಒಂದು ಕಿಲೋಗ್ರಾಂ ಪ್ರೊಪೇನ್ ಅನಿಲವು ಪೂರ್ಣವಾಗಿ ಉರಿದರೆ ಸುಮಾರು 1.6 ಕಿಲೋಗ್ರಾಂ ನೀರಾವಿಯು ಹೊರಬೀಳುತ್ತದೆ. ಕೊಳವೆಯಿಲ್ಲದ ಒಲೆಯು ಈ ಆವಿಯನ್ನು ಗುಡಾರದೊಳಗೇ ಬಿಡುವುದರಿಂದ ಅದು ಬಟ್ಟೆಬರೆಗಳ ಮೇಲೆ ಇಬ್ಬನಿಯಾಗಿ, ಆಮೇಲೆ ಹಿಮವಾಗಿ ಕೂರುತ್ತದೆ. 1911ರ ಜೂನ್ ಜುಲೈ ತಿಂಗಳುಗಳಲ್ಲಿ ಅಂಟಾರ್ಕ್ಟಿಕದ ಕಗ್ಗತ್ತಲೆಯಲ್ಲಿ ಕ್ರೋಜಿಯರ್ ಭೂಶಿರಕ್ಕೆ ಹೋಗಿಬಂದ ಮೂವರು ಅನ್ವೇಷಕರಲ್ಲಿ ಒಬ್ಬನಾದ ಚೆರ್ರಿ-ಗರಾರ್ಡ್‌ನ ಮಲಗುಚೀಲವು, ಹೊರಡುವಾಗ 18 ಪೌಂಡ್ ತೂಗುತ್ತಿದ್ದುದು, ಉಸಿರು ಬೆವರುಗಳ ತೇವವೇ ಹೆಪ್ಪುಗಟ್ಟಿ, ಹಿಂದಿರುಗುವಾಗ 45 ಪೌಂಡ್ ತೂಗಿತು. ಅವರ ಬಳಿ ಅಡುಗೆಯ ಸ್ಟವ್ ಇತ್ತು, ಒಣಗಿಸಬಲ್ಲ ಒಲೆಯಿರಲಿಲ್ಲ.

ಒಣಗಿಸಬಲ್ಲ ಒಲೆಯನ್ನು ಏಕಾಂಗಿ ಜೀವನಕ್ಕೆ ಒಗ್ಗಿಸಿಕೊಂಡವರು ಲ್ಯಾಬ್ರಡಾರ್ ಪ್ರಾಂತದ ಬೇಟೆಗಾರರು. ಎಲಿಯಟ್ ಮೆರಿಕ್ 1933ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇವರ ಬಾಳನ್ನು ಚಿತ್ರಿಸಿದ್ದಾನೆ. ಪ್ರತಿಯೊಬ್ಬನಿಗೂ ತನ್ನದೇ ಆದ ಬೇಟೆಯ ಹಾದಿ. ಶರತ್ಕಾಲದಲ್ಲಿ ಒಟ್ಟಾಗಿ ನದಿಯನ್ನೇರಿ, ಅನಂತರ ಚೆದುರಿ, ವಾರಗಟ್ಟಲೆ ಮತ್ತೊಬ್ಬ ಮನುಷ್ಯನ ಮುಖವನ್ನು ಕಾಣದೆ ಒಬ್ಬೊಬ್ಬನೇ ತನ್ನ ಹಾದಿಯನ್ನು ಸುತ್ತುತ್ತಿದ್ದನು. ಆ ಸೀಮೆಯ ‘ಇನ್ನೂ’ ಎಂಬ ಮೂಲನಿವಾಸಿ ಜನರಿಂದ ಕಲಿತ ಶಿಬಿರಕ್ರಮವು ಇಂತಿತ್ತು: ಹಿಮಪಾದುಕೆಗಳಿಂದ ಹಿಮವನ್ನು ತುಳಿದು ಗಟ್ಟಿಮಾಡಿ, ಸ್ಪ್ರೂಸ್ ಮರದ ಎಳೆಯ ಕೊಂಬೆಗಳನ್ನು ಬುಡ ಕೆಳಗಾಗಿ ತುದಿ ಮೇಲಾಗಿ ಒತ್ತೊತ್ತಾಗಿ ಹಾಸಿ, ಎರಡು ಹಸಿಮರದ ದಿಮ್ಮಿಗಳನ್ನು ಅಡ್ಡಲಾಗಿರಿಸಿ ಅವುಗಳ ಮೇಲೆ ತಗಡಿನ ಒಲೆಯನ್ನು ಕೂರಿಸುವುದು. ದಿಮ್ಮಿ ಒಣಗಿದ್ದರೆ ಹೊತ್ತಿಕೊಳ್ಳುತ್ತದೆ. ದಿಮ್ಮಿಯೇ ಇಲ್ಲದಿದ್ದರೆ ಒಲೆ ತನ್ನ ಕಾವಿನಿಂದಲೇ ಹಿಮದೊಳಕ್ಕೆ ಇಳಿದುಹೋಗುತ್ತದೆ.

ಫಿನ್ಲೆಂಡಿನ ಸೈನ್ಯವು ಇದೇ ಸಮಸ್ಯೆಗೆ ಸಾಮೂಹಿಕವಾದ ಪರಿಹಾರವನ್ನು ಕಂಡುಕೊಂಡಿತು. 1939ರ ನವೆಂಬರಿನಿಂದ 1940ರ ಮಾರ್ಚಿನವರೆಗೆ ನಡೆದ ಚಳಿಗಾಲದ ಯುದ್ಧದಲ್ಲಿ ಸುಮಾರು 20 ಮಂದಿ ಮಲಗಬಹುದಾದ, ನಡುವೆ ಒಲೆಯುಳ್ಳ ಗುಡಾರಗಳು ಅವರನ್ನು ಕಾಪಾಡಿದವು. ಅಲ್ಲಿನ ನಿಯಮದಂತೆ ಸರದಿಯ ಮೇಲೆ ಒಬ್ಬನು ಎಚ್ಚರವಾಗಿದ್ದು ಒಲೆಗೆ ಕಟ್ಟಿಗೆಯಿಕ್ಕುತ್ತ, ಕಿಡಿ ಹಾರದಂತೆ ಕಾಯಬೇಕು. ಆ ಕಾವಲುಗಾರನನ್ನು ಫಿನ್ನರು ಕಿಪಿನಾಮಿಕ್ಕೊ ಎನ್ನುತ್ತಾರೆ. ಏಕಾಂಗಿಗೆ ಇಲ್ಲದಿರುವುದು ಈ ಕಾವಲುಗಾರನೇ. ಸಣ್ಣ ಒಲೆಯ ಕಟ್ಟಿಗೆ ಎರಡು ಮೂರು ಗಂಟೆಗಳಲ್ಲಿ ತೀರುತ್ತದೆ, ಆಮೇಲೆ ಒಳಗಿನ ಚಳಿಗೂ ಹೊರಗಿನ ಚಳಿಗೂ ಅಂತರವುಳಿಯದು. ಕೊಳವೆ ಕಟ್ಟಿಕೊಂಡರೆ ಎಬ್ಬಿಸುವವರಿಲ್ಲ. ಅಮೆರಿಕದ ಅಡ್ಮಿರಲ್ ರಿಚರ್ಡ್ ಬರ್ಡ್ 1934ರ ಚಳಿಗಾಲದಲ್ಲಿ ಅಂಟಾರ್ಕ್ಟಿಕದ ಹಿಮದಡಿಯ ಗುಡಿಸಲಿನಲ್ಲಿ ಹವಾಮಾನ ವೀಕ್ಷಣೆಗಾಗಿ ಒಂಟಿಯಾಗಿದ್ದಾಗ, ಒಲೆಯ ಹಾಗೂ ವಿದ್ಯುದ್ಯಂತ್ರದ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಅವನನ್ನು ಸಾವಿನ ಬಾಗಿಲಿಗೆ ಒಯ್ದಿತು. ಆಗಸ್ಟ್ 10ರಂದು ಮೂವರು ಸಂಗಡಿಗರು ಬಂದು ತಲಪಿದುದರಿಂದ ಆತನು ಬದುಕಿಕೊಂಡನು. 1938ರಲ್ಲಿ ಆತನು ಬರೆದ ಗ್ರಂಥವು ಏಕಾಂತದ ತಾತ್ತ್ವಿಕ ಚಿಂತನೆಗಾಗಿ ಪ್ರಸಿದ್ಧವಾಗಿದೆ. ನನ್ನ ಅಭಿಪ್ರಾಯದಲ್ಲಿ ಅದರ ನಿಜವಾದ ಬೆಲೆ ಒಲೆಯ ಕೊಳವೆಯನ್ನು ಕುರಿತ ಪುಟಗಳಲ್ಲಿದೆ.

ಮೀನಿನ ಗೂಡಿಗೆ ಒಲೆಯು ಬಂದುದು ಮೊದಲು ಮರದ ಗುಡಿಸಲುಗಳ ರೂಪದಲ್ಲಿ. ಚಳಿಗಾಲದ ಆದಿಯಲ್ಲಿ ಎಳೆದು ತಂದು, ನೀರ್ಗಲ್ಲು ಕರಗುವ ಮುನ್ನ ಎಳೆದೊಯ್ಯಬೇಕಾದ ಈ ಗುಡಿಸಲುಗಳಿಂದ ಮಿನೆಸೋಟದ ಮಿಲ್ ಲಾಕ್ಸ್‌ನಂತಹ ಸರೋವರಗಳ ಮೇಲೆ ಪ್ರತಿವರ್ಷ ಒಂದು ತಾತ್ಕಾಲಿಕ ಊರೇ ಏಳುತ್ತದೆ. ಆದರೆ ಗುಡಿಸಲು ಒಂದೇ ಜಾಗದಲ್ಲಿ ಕೂರುತ್ತದೆ, ಮೀನು ಕೂರುವುದಿಲ್ಲ. 1980ರ ದಶಕದ ಆದಿಯಲ್ಲಿ ಅದೇ ರಾಜ್ಯದ ಡೇವ್ ಗೆಂಜ್ ಎಂಬವನು ಜಾರುಬಂಡಿಗೆ ಜೋಡಿಸಿದ, ಮಡಚಿ ಮಗುಚಬಹುದಾದ ಬಟ್ಟೆಯ ಮರೆಯನ್ನು ರೂಪಿಸಿ, ಒಬ್ಬನೇ ರಂಧ್ರದಿಂದ ರಂಧ್ರಕ್ಕೆ ಸರಿಯುತ್ತ ಮೀನನ್ನು ಅರಸುವ ಪದ್ಧತಿಯನ್ನು ಬಳಕೆಗೆ ತಂದನು. ಹಾರೆಯಿಂದ ಕಡಿಯುತ್ತಿದ್ದ ರಂಧ್ರವನ್ನು ಬೈರಿಗೆಯಿಂದ ನಿಮಿಷದೊಳಗೆ ಕೊರೆಯುವುದು ಸಾಧ್ಯವಾಗಿದ್ದುದೂ ಇದಕ್ಕೆ ನೆರವಾಯಿತು. ಅನಂತರ ಹಗುರವಾದ ಟೈಟೇನಿಯಂ ತಗಡಿನ ಮಡಿಸುವ ಒಲೆಗಳೂ ಕಾವನ್ನು ತಡೆಯುವ ಕೊಳವೆಗಂಡಿಯುಳ್ಳ ಡೇರೆಗಳೂ ಬಂದು, ಲ್ಯಾಬ್ರಡಾರಿನ ಒಲೆಯೂ ಒಜಿಬ್ವೆಯ ಕತ್ತಲೆಯೂ ಒಂದೇ ಬಟ್ಟೆಯಡಿ ಸೇರಿದವು. ಮಿನೆಸೋಟದಲ್ಲಿ ಕತ್ತಲ ಗೂಡಿನೊಳಗಿಂದ ಈಟಿಯಲ್ಲಿ ಪೈಕ್ ಮೀನನ್ನು ಹೊಡೆಯುವುದು ಇಂದಿಗೂ ಕಾನೂನುಸಮ್ಮತವಾಗಿದೆ.

ಮಿನಿಯಾಪೊಲಿಸ್, ಟೊರಾಂಟೊ ಮೊದಲಾದ ನಗರಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿಯೂ ಕೆಲವರಿಗೆ ಈ ವಿನೋದದ ರುಚಿ ಹತ್ತುವುದು ಅಸಂಭವವೇನಲ್ಲ. ಅಂಥವರಲ್ಲಿ ಲೇಖಕನ ಬಿನ್ನಹವಿಷ್ಟೆ: ನೀರ್ಗಲ್ಲು ಹೊಸದಾಗಿ, ತಿಳಿಯಾಗಿ, ಕನಿಷ್ಠ 4 ಅಂಗುಲ ದಪ್ಪವಾಗಿರದೆ ಕಾಲಿಡಬೇಡಿ, ಬೆಳ್ಳಗಿನ ಹಿಮಮಿಶ್ರಿತ ಗಡ್ಡೆಯಾದರೆ ಅದರ ಇಮ್ಮಡಿ ಬೇಕು. ಒಲೆಯನ್ನು ಹೊತ್ತಿಸುವ ಮೊದಲು ಗುಡಾರದ ಕೆಳಗೊಂದು ಮೇಲೊಂದು ಗಾಳಿಗಂಡಿಯನ್ನು ತೆರೆದಿಡಿ, ಕಾರ್ಬನ್ ಮಾನಾಕ್ಸೈಡಿನ ಎಚ್ಚರಗಂಟೆಯನ್ನು ತಲೆದಿಂಬಿನ ಬಳಿಯೇ ತೂಗುಹಾಕಿ, ಮಲಗುವ ಮುನ್ನ ಒಲೆಯನ್ನು ಆರಿಸಿ.