ದೇಶಾವಕಾಶಿಕ ವ್ರತ ಮತ್ತು ದೂರವಾಣಿಯಿಲ್ಲದ ಒಂದು ದಿನ

ಪರ್ವದ ದಿನಗಳಲ್ಲಿ ಮೊಬೈಲನ್ನು ಬಿಟ್ಟಿರಬೇಕೆಂಬ ಮಾತು ಇತ್ತೀಚಿನ ವರ್ಷಗಳಲ್ಲಿ ನಮ್ಮ ಸಮಾಜದಲ್ಲಿ ಕೇಳಿಬರುತ್ತಿದೆ. 2022ರ ಪರ್ಯುಷಣದಲ್ಲಿ ಮಧ್ಯಪ್ರದೇಶದ ರಾಯಸೇನ ಜಿಲ್ಲೆಯ ಬೇಗಂಗಂಜಿನ ಜೈನ ಬಂಧುಗಳು ಒಂದು ದಿನ ಮೊಬೈಲನ್ನು ತ್ಯಜಿಸಿ ‘ಡಿಜಿಟಲ್ ಉಪವಾಸ’ ಆಚರಿಸಿದ ಸುದ್ದಿಯನ್ನು ಓದುಗರು ಬಲ್ಲರು. ಅದೇ ವರ್ಷ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಗ್ರಾಮದಲ್ಲಿ, ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ ಮೊಳಗಿದೊಡನೆ ಒಂದೂವರೆ ಗಂಟೆ ಟಿ.ವಿ., ಮೊಬೈಲುಗಳನ್ನು ಆರಿಸಿಡುವ ಕ್ರಮ ಆರಂಭವಾಯಿತು. ಇದು ಹೊಸ ಕಾಲದ ಹೊಸ ವ್ರತವೆಂದು ಕೆಲವರು ಮೆಚ್ಚುತ್ತಾರೆ. ಶಾಸ್ತ್ರದಲ್ಲಿಲ್ಲದ ಆಡಂಬರವೆಂದು ಕೆಲವರು ಮೂಗು ಮುರಿಯುತ್ತಾರೆ. ಶ್ರಾವಕಾಚಾರದ ಇತಿಹಾಸವನ್ನು ನೋಡಿದರೆ ಎರಡೂ ಅಭಿಪ್ರಾಯಗಳು ನಿಲ್ಲಲಾರವು.

ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೂ ದೇಶವ್ರತವೂ ಸೇರಿವೆ. ಇಂತಿಂಥ ದಿಕ್ಕಿನಲ್ಲಿ ಇಂತಿಂಥ ನದಿ, ಪರ್ವತ, ಸಮುದ್ರದಾಚೆ ನನ್ನ ವ್ಯವಹಾರವಿಲ್ಲವೆಂದು ಜೀವನಪರ್ಯಂತ ಕಟ್ಟಿಕೊಳ್ಳುವ ಎಲ್ಲೆ ದಿಗ್ವ್ರತ. ಆ ಎಲ್ಲೆಯನ್ನು ಕೆಲವು ಕಾಲದ ಮಟ್ಟಿಗೆ ಮನೆ, ಓಣಿ, ಹೊಲ, ಊರಿನಷ್ಟಕ್ಕೆ ಕುಗ್ಗಿಸಿಕೊಳ್ಳುವುದು ದೇಶವ್ರತ. ಕುಂದಕುಂದಾಚಾರ್ಯರ ಚಾರಿತ್ರ ಪಾಹುಡದ ಎಣಿಕೆಯಲ್ಲಿ ಈ ಎರಡನೆಯದು ಪ್ರತ್ಯೇಕವಾಗಿ ಕಾಣುವುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅದನ್ನು ದಿಗ್ವ್ರತದ ಬೆನ್ನಿಗೇ ಇರಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ದೇಶಾವಕಾಶಿಕವೆಂದು ಕರೆದು, ನಾಲ್ಕು ಶಿಕ್ಷಾವ್ರತಗಳಲ್ಲಿ ಮೊದಲನೆಯ ಸ್ಥಾನವನ್ನು ಕೊಟ್ಟರು. ಸಾಮಾಯಿಕ, ಪ್ರೋಷಧೋಪವಾಸ, ವೈಯಾವೃತ್ಯಗಳು ಅಲ್ಲಿ ಅದರ ನಂತರ ಬರುತ್ತವೆ. ಶಿಕ್ಷಾವ್ರತವೆಂದರೆ ಅಭ್ಯಾಸದ ವ್ರತ. ಮುನಿಧರ್ಮವನ್ನು ಗೃಹಸ್ಥನು ಸ್ವಲ್ಪ ಕಾಲ ಅಭ್ಯಸಿಸುವ ಬಗೆ.

ಈ ವ್ರತಕ್ಕೆ ಆಚಾರ್ಯರು ಹೇಳಿದ ಅತಿಚಾರಗಳು ಐದು. ಎಲ್ಲೆಯ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತಾನು ಹೋಗದೆ ಆಳನ್ನು ಕಳುಹಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ. ಕೆಮ್ಮಿ, ಕೂಗಿ ಹೊರಗಿನವರಿಗೆ ಸೂಚನೆ ಕೊಡುವುದು ಶಬ್ದಾನುಪಾತ. ಮುಖ ತೋರಿಸಿ ಸನ್ನೆ ಮಾಡುವುದು ರೂಪಾನುಪಾತ. ಹೆಂಟೆಯನ್ನೋ ಕಲ್ಲನ್ನೋ ಎಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ದೂರವಾಣಿಯ ಕಲ್ಪನೆಯೂ ಇಲ್ಲದ ಕಾಲದಲ್ಲಿ ಬರೆದ ಪಟ್ಟಿಯಿದು. ಆದರೆ ದೇಹವು ಎಲ್ಲೆಯೊಳಗೆ ಕುಳಿತಿದ್ದರೂ ಮನುಷ್ಯನ ಧ್ವನಿ, ರೂಪ, ಆಜ್ಞೆಗಳು ಎಲ್ಲೆಯನ್ನು ದಾಟಬಲ್ಲವೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಇಂದು ಕರೆ ಮಾಡುವುದು ಶಬ್ದಾನುಪಾತ, ವಿಡಿಯೋದಲ್ಲಿ ಕಾಣಿಸಿಕೊಳ್ಳುವುದು ರೂಪಾನುಪಾತ, ಕುಳಿತಲ್ಲಿಂದಲೇ ಸಾಮಾನು ತರಿಸುವುದು ಆನಯನ. ಬೇರೆ ಅರ್ಥವನ್ನು ಹುಡುಕಬೇಕಾಗಿಲ್ಲ.

ನಮ್ಮ ದೇಶದಲ್ಲಿ ತಂತಿ ಸೇವೆ ಸಾರ್ವಜನಿಕರಿಗೆ ತೆರೆದದ್ದು 1855ರಲ್ಲಿ. 1882ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ಬಂದವು. 1960ರಲ್ಲಿ ಕಾನಪುರ-ಲಖನೌ ನಡುವೆ ಎಸ್.ಟಿ.ಡಿ. ಆರಂಭವಾಯಿತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ನಡೆಯಿತು. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತುಹೋಯಿತು. ತಂತಿ ಬಂದರೆ ಮನೆಯವರು ಬೆಚ್ಚಿಬೀಳುತ್ತಿದ್ದ ಕಾಲದಿಂದ, ಕರೆ ಬಾರದಿದ್ದರೆ ಬೆಚ್ಚಿಬೀಳುವ ಕಾಲಕ್ಕೆ ಬಂದಿದ್ದೇವೆ.

ನಮ್ಮ ತಂದೆಯವರದು ಹತ್ತಿಯ ದಲಾಲಿ ಅಂಗಡಿ. ಮುಂಬಯಿಯ ಧಾರಣೆ ಟ್ರಂಕ್ ಕರೆಯಲ್ಲಿ ಬರುತ್ತಿತ್ತು. ಚತುರ್ದಶಿಯಂದು ಅವರು ದೂರವಾಣಿಯ ಡಯಲಿಗೆ ಸಣ್ಣ ಬೀಗ ಹಾಕಿಸಿ ಬಸದಿಗೆ ಹೋಗಿಬಿಡುತ್ತಿದ್ದರು. ಒಮ್ಮೆ ಒಳಬಂದ ಕರೆಯ ಧಾರಣೆಯನ್ನು ಗುಮಾಸ್ತರು ಚೀಟಿಯಲ್ಲಿ ಬರೆದು ನನ್ನ ಕೈಯಲ್ಲಿ ಬಸದಿಗೆ ಕಳುಹಿಸಿದರು. ತಂದೆಯವರು ಚೀಟಿಯನ್ನು ಬಿಚ್ಚಲಿಲ್ಲ. “ಡಯಲಿಗೆ ಬೀಗ ಹಾಕಿದೆ, ನಿನಗೆ ಹಾಕುವುದನ್ನು ಮರೆತೆನಪ್ಪಾ” ಎಂದು ನಕ್ಕು, ಪ್ರೇಷ್ಯಪ್ರಯೋಗವೆಂದರೇನೆಂದು ಅಲ್ಲಿಯೇ ಕೂರಿಸಿ ತಿಳಿಸಿದರು. ಆ ದಿನದ ಧಾರಣೆ ತಿಳಿಯದೆ ನಷ್ಟವಾಯಿತೆಂದು ಗುಮಾಸ್ತರು ಬಹುಕಾಲ ಗೊಣಗುತ್ತಿದ್ದುದು ಇನ್ನೂ ನೆನಪಿದೆ.

ವ್ಯಾಪಾರಿಗೆ ಇದು ಸಾಧ್ಯವೇ ಎಂಬ ಪ್ರಶ್ನೆಯೂ ಹೊಸದಲ್ಲ. ಶ್ವೇತಾಂಬರ ಆಗಮವಾದ ಉಪಾಸಕದಶಾದಲ್ಲಿ ಬರುವ ವಾಣಿಜ್ಯಗ್ರಾಮದ ಆನಂದ ಶ್ರಾವಕನು ದೂರದ ವ್ಯಾಪಾರಕ್ಕೆಂದೇ 500 ಬಂಡಿಗಳನ್ನು ಇರಿಸಿಕೊಂಡಿದ್ದವನು. ಭಗವಾನ್ ಮಹಾವೀರರಿಂದ ವ್ರತಗಳನ್ನು ಸ್ವೀಕರಿಸಿದ ಆತನು, ಕೊನೆಗೆ ಹಿರಿಯ ಮಗನಿಗೆ ಭಾರವನ್ನೊಪ್ಪಿಸಿ ಪೋಷಧಶಾಲೆಯನ್ನು ಸೇರಿದನು. ಯಾರೂ ಇನ್ನು ಯಾವ ಕಾರ್ಯಕ್ಕೂ ತನ್ನನ್ನು ಕೇಳಬಾರದೆಂದು ಹೇಳಿಯೇ ಹೊರಟನು.

ಒಂದು ದಿನ ಬಿಟ್ಟು ಮರುದಿನ ಮತ್ತೆ ಹಿಡಿಯುವುದು ಬೂಟಾಟಿಕೆಯಲ್ಲವೇ ಎಂಬ ಆಕ್ಷೇಪವೂ ಪ್ರಾಚೀನವೇ. ಬೌದ್ಧರ ಅಂಗುತ್ತರ ನಿಕಾಯವು ನಿರ್ಗ್ರಂಥರ ಉಪೋಸಥವನ್ನು ಹೀಗೆಯೇ ಟೀಕಿಸುತ್ತದೆ: ಇಂದು ‘ನನ್ನದೇನೂ ಇಲ್ಲ’ ಎನ್ನುವವನು ನಾಳೆ ಅದೇ ವಸ್ತುವನ್ನು ಬಳಸುತ್ತಾನಲ್ಲ ಎಂದು. ಇದಕ್ಕೆ ಸಮೀಪದ ಪ್ರಶ್ನೆಯೊಂದು ಭಗವತೀ ಸೂತ್ರದಲ್ಲಿಯೂ ಇದೆ. ಸಾಮಾಯಿಕದಲ್ಲಿರುವವನ ಭಾಂಡವನ್ನು ಯಾರೋ ಕದ್ದೊಯ್ದರೆ, ಆಮೇಲೆ ಅವನು ಹುಡುಕುವುದು ತನ್ನದನ್ನೋ ಪರರದನ್ನೋ? ತನ್ನದನ್ನೇ, ಏಕೆಂದರೆ ಆ ಹೊತ್ತಿಗೆ ಅವನು ವಸ್ತುವನ್ನು ಬಿಟ್ಟಿದ್ದರೂ ಮಮತ್ವವನ್ನು ಬಿಟ್ಟಿಲ್ಲ ಎಂಬುದು ಅಲ್ಲಿನ ಉತ್ತರ. ಗೃಹಸ್ಥನ ತ್ಯಾಗದ ಮಿತಿಯನ್ನು ನಮ್ಮ ಪರಂಪರೆ ಮರೆಮಾಚಿಲ್ಲ. ಅದನ್ನು ಒಪ್ಪಿಕೊಂಡೇ ಅಭ್ಯಾಸವನ್ನು ವಿಧಿಸಿದೆ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಅನಂತ ಚತುರ್ದಶಿಯಂದು ಮೊಬೈಲನ್ನು ಆರಿಸಿ ಕಪಾಟಿನಲ್ಲಿಟ್ಟು, ಎಲ್ಲಿರುವೆನೆಂದು ಯಾರಿಗೂ ತಿಳಿಸದೆ ಬೇರೊಂದು ಊರಿನ ಬಸದಿಗೆ ಹೋದೆ. ಅಂದು ಮಧ್ಯಾಹ್ನ ಅಕ್ಕನವರಿಗೆ ಎದೆನೋವು ಕಾಣಿಸಿ ಆಸ್ಪತ್ರೆಗೆ ಸೇರಿಸಿದ್ದರು. ನನಗೆ ತಿಳಿದದ್ದು ರಾತ್ರಿ. ಅವರು ಉಳಿದುಕೊಂಡರು. ಆದರೆ “ನಿನ್ನ ವ್ರತ ನಿನಗಾಯಿತು, ನಮಗೇನು ಬಂತು ತಮ್ಮಾ?” ಎಂದು ಅವರು ಕೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಮಂತಭದ್ರರು ದೇಶಾವಕಾಶಿಕದ ಸಾಲಿನಲ್ಲಿಯೇ ವೈಯಾವೃತ್ಯವನ್ನೂ ಇರಿಸಿದ್ದಾರೆ. ಅದು ಮುಖ್ಯವಾಗಿ ಸಂಯಮಿಗಳ ಸೇವೆಯನ್ನು ಕುರಿತದ್ದಾದರೂ, ಒಂದು ವ್ರತವು ಇನ್ನೊಂದರ ಭಾವನೆಗೆ ಅಡ್ಡಬರಬಾರದೆಂಬುದನ್ನು ನಾನು ಅಂದು ಕಲಿತೆ. ಎಲ್ಲೆಯನ್ನು ಕಟ್ಟಿಕೊಳ್ಳುವವನು ತನ್ನನ್ನು ನಂಬಿದವರಿಗೆ ಆ ಎಲ್ಲೆಯನ್ನು ಮೊದಲೇ ತಿಳಿಸಬೇಕು.

ಆದುದರಿಂದ ಬಸದಿಗಳ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ತಿಂಗಳಿಗೊಂದು ಚತುರ್ದಶಿಯಂದು, ಅದಾಗದಿದ್ದರೆ ಅನಂತ ಚತುರ್ದಶಿಯಂದಾದರೂ, ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮೊಬೈಲುಗಳನ್ನು ಇರಿಸಲು ಬೀಗವಿರುವ ಒಂದು ಕಪಾಟನ್ನು ಒದಗಿಸಿರಿ. ಕಚೇರಿಯ ದೂರವಾಣಿಯ ಬಳಿ ಒಬ್ಬರನ್ನು ಕುಳ್ಳಿರಿಸಿ, ಆ ಸಂಖ್ಯೆಯನ್ನು ಮನೆಮನೆಗೆ ಮುಂಚಿತವಾಗಿ ತಿಳಿಸಿರಿ; ರೋಗ, ಅಪಘಾತ, ಮರಣದ ಸುದ್ದಿಯನ್ನಲ್ಲದೆ ಬೇರೇನನ್ನೂ ಅವರು ಒಳಗೆ ತರುವುದು ಬೇಡ. ವೈದ್ಯರಿಗೂ, ಮನೆಯಲ್ಲಿ ರೋಗಿಗಳಿರುವವರಿಗೂ ಒತ್ತಾಯ ಸಲ್ಲದು. ಪಾಲ್ಗೊಂಡವರ ಹೆಸರನ್ನು ಫಲಕದಲ್ಲಿ ಬರೆಯುವುದೂ, ಭಾವಚಿತ್ರ ತೆಗೆದು ಮರುದಿನ ಎಲ್ಲರಿಗೂ ಕಳುಹಿಸುವುದೂ ಬೇಡ. ಸಂಜೆಯ ಪ್ರತಿಕ್ರಮಣದಲ್ಲಿ ಐದು ಅತಿಚಾರಗಳನ್ನು ಒಂದೊಂದಾಗಿ ನೆನೆದು, ಎಷ್ಟು ಸಲ ಮನಸ್ಸು ಕಪಾಟಿನ ಕಡೆಗೆ ಓಡಿತೆಂದು ಪ್ರತಿಯೊಬ್ಬರೂ ತಮ್ಮೊಳಗೇ ಎಣಿಸಿಕೊಂಡರೆ ಸಾಕು.