ಶವಪೆಟ್ಟಿಗೆ ಮಾಡುವವನ ಡಯಟ್

ಸ್ವೀಡನ್ನಿನಲ್ಲಿ ಯಾರಾದರೂ ತೂಕ ಇಳಿಸೋಕೆ ಹೊರಟರೆ ಅದಕ್ಕೆ 'ಬಾಂಟಾ' ಅಂತಾರೆ. ಇದು ಅವರ ಭಾಷೆಯ ಹಳೆಯ ಪದವೇನಲ್ಲ. ಲಂಡನ್ನಿನಲ್ಲಿದ್ದ ಒಬ್ಬ ಮನುಷ್ಯನ ಮನೆತನದ ಹೆಸರು ಕ್ರಿಯಾಪದವಾಗಿ ಅಲ್ಲಿ ಉಳಿದುಬಿಟ್ಟಿದೆ. ಅವನ ಹೆಸರು ವಿಲಿಯಂ ಬ್ಯಾಂಟಿಂಗ್. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಬೇರೆ, ಈತ ಬೇರೆ. ಈತ ಡಾಕ್ಟರೂ ಅಲ್ಲ, ಪೈಲ್ವಾನನೂ ಅಲ್ಲ. ಶವಪೆಟ್ಟಿಗೆ ಮಾಡಿಸಿ ದೊಡ್ಡವರ ಅಂತ್ಯಸಂಸ್ಕಾರದ ಏರ್ಪಾಡು ನೋಡಿಕೊಳ್ಳೋದು ಈ ಮನೆತನದ ಕಸುಬು. ವಾಟರ್‌ಲೂ ಯುದ್ಧ ಗೆದ್ದ ವೆಲ್ಲಿಂಗ್ಟನ್ ಡ್ಯೂಕ್ 1852ರಲ್ಲಿ ಸತ್ತಾಗ, ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ 1861ರಲ್ಲಿ ಸತ್ತಾಗ, ಎರಡೂ ಕಡೆ ಕೆಲಸ ಇವರದ್ದೇ.

ಇವತ್ತು ನಾವು ಕೀಟೋ, ಲೋ-ಕಾರ್ಬ್ ಅಂತೆಲ್ಲ ಏನೇನು ಹೆಸರಿಟ್ಟು ಕರೀತೀವೋ, ಅದರ ಮೊದಲ ಜನಪ್ರಿಯ ಪುಸ್ತಕ ಬರೆದವನು ಇವನು. 1863ರಲ್ಲಿ ಬಂದ ಚಿಕ್ಕ ಪುಸ್ತಿಕೆ, ಹೆಸರು 'ಬೊಜ್ಜಿನ ಬಗ್ಗೆ ಸಾರ್ವಜನಿಕರಿಗೆ ಒಂದು ಪತ್ರ'. ಮೊದಲಿಗೆ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಪುಕ್ಕಟೆ ಹಂಚಿದ. ಆಮೇಲೆ ಬೇಡಿಕೆ ತಡೆಯೋಕಾಗದೆ ಬೆಲೆ ಇಟ್ಟು ಮಾರಿಸಿದ. ಬಂದ ಲಾಭವನ್ನೂ ಧರ್ಮಕಾರ್ಯಕ್ಕೆ ಕೊಟ್ಟ. ಡಯಟ್ ಪುಸ್ತಕ ಬರೆದು ದುಡ್ಡು ಮಾಡಿಕೊಳ್ಳದೇ ಇದ್ದ ಲೇಖಕ ಬಹುಶಃ ಇವನೊಬ್ಬನೇ!

ಈ ಪುಸ್ತಿಕೆ ಇವತ್ತಿಗೂ ಓದಿಸಿಕೊಳ್ಳೋದು ಅದರ ಊಟದ ಪಟ್ಟಿಯಿಂದಲ್ಲ. ದಪ್ಪಗಿರೋ ಮನುಷ್ಯನ ದಿನ ಹೇಗಿರುತ್ತೆ ಅನ್ನೋದನ್ನ ನಾಚಿಕೆಯಿಲ್ಲದೆ ಬರೆದಿದ್ದಾನೆ, ಅದರಿಂದ. ವಯಸ್ಸು 66, ಎತ್ತರ 5 ಅಡಿ 5 ಇಂಚು, ತೂಕ 202 ಪೌಂಡ್, ಅಂದರೆ ಸುಮಾರು 92 ಕಿಲೋ. ಬಗ್ಗಿ ಶೂ ಲೇಸ್ ಕಟ್ಟೋಕಾಗ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಮಂಡಿ, ಕಾಲ್ಗಂಟುಗಳ ಮೇಲೆ ಭಾರ ಬೀಳುತ್ತೆ ಅಂತ ಹಿಮ್ಮುಖವಾಗಿ ಮೆಲ್ಲಗೆ ಇಳೀತಿದ್ದ. ಬೀದಿಯಲ್ಲಿ, ಗಾಡಿಯಲ್ಲಿ, ಸಭೆಗಳಲ್ಲಿ ಜನ ಆಡಿಕೊಂಡು ನಗ್ತಾರೆ ಅಂತ ಹೊರಗೆ ಹೋಗೋದನ್ನೇ ಕಮ್ಮಿ ಮಾಡಿದ್ದ. ನಮ್ಮಲ್ಲಿ ಮದುವೆಮನೆಗೆ ಹೋದರೆ "ಏನೋ, ಎಷ್ಟು ಊದ್ಕೊಂಡಿದೀಯ!" ಅಂತ ಚಿಕ್ಕಮ್ಮನೋ ಸೋದರಮಾವನೋ ನಾಲ್ಕು ಜನರ ಮುಂದೆ ಕೇಳ್ತಾರಲ್ಲ, ಆ ಉರಿಯೇ ಇದು.

ಈತನೇನು ಸುಮ್ಮನೆ ಕೂತಿರಲಿಲ್ಲ. ಮೂವತ್ತು ದಾಟಿದಾಗಿನಿಂದ ಒಂದಲ್ಲ ಒಂದು ಪ್ರಯತ್ನ ನಡೆದೇ ಇತ್ತು. ವ್ಯಾಯಾಮ ಮಾಡಪ್ಪಾ ಅಂದರು. ಭಾರವಾದ ದೋಣಿಯೊಂದನ್ನು ಇಟ್ಟುಕೊಂಡು ದಿನಾ ಬೆಳಗ್ಗೆ ಒಂದೆರಡು ಗಂಟೆ ಹುಟ್ಟು ಹಾಕಿದ. ತೋಳು ಗಟ್ಟಿಯಾಯ್ತು, ಜೊತೆಗೆ ಹಸಿವೂ ಜೋರಾಯ್ತು, ತೂಕ ಇನ್ನಷ್ಟು ಏರಿತು. ಸಲಹೆ ಕೊಟ್ಟವನೇ ಸಾಕು ನಿಲ್ಲಿಸು ಅಂದ. ಕುದುರೆ ಸವಾರಿ, ಸಮುದ್ರದ ಗಾಳಿ, ಖನಿಜದ ನೀರಿನ ಊರುಗಳು ಎಲ್ಲ ಆಯ್ತು. ಸುಮಾರು 50 ಟರ್ಕಿಶ್ ಸ್ನಾನಗಳಿಂದ ಇಳಿದದ್ದು 6 ಪೌಂಡ್ ಮಾತ್ರ. ಊಟವನ್ನೇ ತೀರಾ ಕಮ್ಮಿ ಮಾಡಿ ನೋಡಿದ. ಬೊಜ್ಜು ಕರಗಲಿಲ್ಲ, ನಿಶ್ಶಕ್ತಿಯಾಗಿ ಮೈತುಂಬ ಕುರು ಎದ್ದವು.

ಕೊನೆಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ ಅಂತ ವಿಲಿಯಂ ಹಾರ್ವೆ ಅನ್ನೋ ಕಿವಿ ತಜ್ಞನ ಹತ್ತಿರ ಹೋದ. ಆ ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡ್ ಅನ್ನೋ ಶರೀರವಿಜ್ಞಾನಿಯ ಉಪನ್ಯಾಸ ಕೇಳಿ ಬಂದಿದ್ದ. ಪಿತ್ತಜನಕಾಂಗ ಸಕ್ಕರೆ ತಯಾರಿಸುತ್ತೆ ಅನ್ನೋದು ಬರ್ನಾರ್ಡ್ ತೋರಿಸಿದ ಸಂಗತಿ. ಹಾಗಾದರೆ ಸಕ್ಕರೆ, ಪಿಷ್ಟಕ್ಕೂ ಬೊಜ್ಜಿಗೂ ಏನೋ ಸಂಬಂಧ ಇರಬೇಕು ಅಂತ ಹಾರ್ವೆಯ ತಲೆಯಲ್ಲಿ ಹೊಳೆದಿತ್ತು. "ನಿನ್ನ ಕಿವಿಯ ತೊಂದರೆಗೆ ಕೊಬ್ಬೇ ಕಾರಣ" ಅನ್ನೋ ಅರ್ಥದಲ್ಲಿ ಹೇಳಿ, ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಇವನ್ನ ಬಿಡಿಸಿದ. ಬ್ಯಾಂಟಿಂಗ್ ಅಲ್ಲೀವರೆಗೂ ಬದುಕಿದ್ದೇ ಇವುಗಳ ಮೇಲೆ.

ಹೊಸ ಪಟ್ಟಿ ಹೀಗಿತ್ತು: ದಿನಕ್ಕೆ ನಾಲ್ಕು ಹೊತ್ತು. ಬೆಳಗ್ಗೆ ನಾಲ್ಕೈದು ಔನ್ಸ್ ಮಾಂಸ ಅಥವಾ ಮೀನು, ಹಾಲು-ಸಕ್ಕರೆ ಇಲ್ಲದ ಟೀ, ಒಂದು ಚೂರು ಒಣ ಟೋಸ್ಟ್. ಮಧ್ಯಾಹ್ನ ಮಾಂಸ, ಆಲೂಗಡ್ಡೆ ಬಿಟ್ಟು ಯಾವುದೇ ತರಕಾರಿ, ಹಣ್ಣು, ಎರಡು-ಮೂರು ಗ್ಲಾಸ್ ವೈನ್. ಸಂಜೆ ಸ್ವಲ್ಪ ಹಣ್ಣು, ಟೀ. ರಾತ್ರಿ ಮತ್ತೆ ಮಾಂಸ, ಮತ್ತೊಂದು ಗ್ಲಾಸ್. ವೈನ್ ಲೆಕ್ಕ ನೋಡಿ ಯಾರೂ ಖುಷಿಪಡಬೇಡಿ, ಅದನ್ನ ಇವತ್ತು ಯಾವ ಡಾಕ್ಟರೂ ಒಪ್ಪಲ್ಲ. ಗಮನಿಸಬೇಕಾದ್ದು ಬೇರೆ. ಈ ಪಟ್ಟಿಯಲ್ಲಿ ಉಪವಾಸ ಇಲ್ಲ. ಪ್ರೋಟೀನ್ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೆ, ಹಸಿವು ಕಾಡಲ್ಲ. ಸಿಹಿ, ಬ್ರೆಡ್, ಬಿಯರ್ ಹೋದಮೇಲೆ ಒಟ್ಟು ಕ್ಯಾಲೊರಿ ತಾನಾಗೇ ಇಳಿದಿರುತ್ತೆ. ಕ್ಯಾಲೊರಿ ಎಣಿಸುವ ರೂಢಿ ಆಗಿನ್ನೂ ಹುಟ್ಟಿರಲೇ ಇಲ್ಲ.

ಈಗ ಲೆಕ್ಕ ನೋಡಿ. ಶುರುವಾದದ್ದು 1862ರ ಆಗಸ್ಟ್ 26. 1863ರ ಸೆಪ್ಟೆಂಬರ್ 12ಕ್ಕೆ ತೂಕ 156 ಪೌಂಡ್. ಇಳಿದದ್ದು 46 ಪೌಂಡ್, ಅಂದರೆ ಸುಮಾರು 21 ಕಿಲೋ. ಕೇಳೋಕೆ ಭಾರೀ ಅನಿಸುತ್ತೆ. ಆದರೆ ಅದನ್ನ 55 ವಾರಕ್ಕೆ ಹಂಚಿದರೆ ವಾರಕ್ಕೆ 380 ಗ್ರಾಂ ಆಸುಪಾಸು, ಅರ್ಧ ಕಿಲೋನೂ ಇಲ್ಲ. "30 ದಿನದಲ್ಲಿ 10 ಕಿಲೋ" ಅನ್ನೋ ಜಾಹೀರಾತಿನ ಪಕ್ಕ ಇಟ್ಟರೆ ಬ್ಯಾಂಟಿಂಗ್ ಫೇಲ್ ಆದ ಗಿರಾಕಿ. ಆದರೆ ಮೆಟ್ಟಿಲನ್ನ ಮುಖ ಮುಂದೆ ಮಾಡಿ ಇಳಿಯೋ ಹಾಗಾದ, ಕಿವಿಯೂ ಸುಧಾರಿಸಿತು ಅಂತ ಬರೆದ. 1878ರಲ್ಲಿ ಸತ್ತಾಗ ಅವನಿಗೆ 81.

ವೈದ್ಯ ಪತ್ರಿಕೆಗಳು ಈ ಶವಪೆಟ್ಟಿಗೆಯವನು ನಮಗೆ ಪಾಠ ಹೇಳೋಕೆ ಬಂದನಾ ಅಂತ ಗೇಲಿ ಮಾಡಿದವು. ಅವರ ಆಕ್ಷೇಪದಲ್ಲಿ ಒಂದು ನ್ಯಾಯವೂ ಇತ್ತು: ಒಬ್ಬನಿಗೆ ಆದದ್ದು ಎಲ್ಲರಿಗೂ ಆಗುತ್ತೆ ಅನ್ನೋಕೆ ಸಾಕ್ಷಿ ಎಲ್ಲಿದೆ? ಆ ಸಾಕ್ಷಿ ಕೂಡಿಸೋಕೆ ಇನ್ನೊಂದು ಶತಮಾನ ಹಿಡಿಯಿತು.

ಮೊದಲ ದೊಡ್ಡ ಪಾಠ ಬಂದದ್ದು ತೂಕ ಇಳಿಸೋ ಉದ್ದೇಶವೇ ಇಲ್ಲದ ಒಂದು ಪ್ರಯೋಗದಿಂದ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಯುರೋಪಿನಲ್ಲಿ ಹಸಿದ ಜನಕ್ಕೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯಬೇಕಿತ್ತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನ, ಅವರು ತಾವಾಗಿ ಒಪ್ಪಿ ಬಂದವರು, 1945ರಲ್ಲಿ 24 ವಾರ ಅರೆಹೊಟ್ಟೆಯಲ್ಲಿಟ್ಟ. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಇವತ್ತು ಎಷ್ಟೋ ಆ್ಯಪ್‌ಗಳು ನಮಗೆ ಇದಕ್ಕಿಂತ ಕಮ್ಮಿ ಹೇಳುತ್ತವೆ ಅನ್ನೋದು ನೆನಪಿರಲಿ. ತೂಕ ಕಾಲುಭಾಗ ಇಳಿಯಿತು. ಅದರ ಜೊತೆ ಮೈ ತಣ್ಣಗಾಯ್ತು, ಸಿಟ್ಟು, ಖಿನ್ನತೆ ಬಂತು. ಹುಡುಗರು ತಟ್ಟೆ ನೆಕ್ಕಿದರು, ಅಡುಗೆ ಪುಸ್ತಕ ಕೂಡಿಟ್ಟರು, ಬರೀ ಊಟದ ಮಾತೇ ಆಡಿದರು. ಸುಮ್ಮನಿದ್ದಾಗ ದೇಹ ಖರ್ಚು ಮಾಡುವ ಶಕ್ತಿ ಸುಮಾರು ಶೇ. 40ರಷ್ಟು ಕುಸಿಯಿತು. ಪ್ರಯೋಗ ಮುಗಿದಮೇಲೆ ತಿಂದರು ನೋಡಿ, ಮೈಯಲ್ಲಿನ ಕೊಬ್ಬು ಮೊದಲಿಗಿಂತ ಹೆಚ್ಚಾಯ್ತು. ಕ್ರ್ಯಾಶ್ ಡಯಟ್ ಆದಮೇಲೆ ಫ್ರಿಜ್ಜಿನ ಮುಂದೆ ನಿಲ್ಲುವವರಿಗೆ ಮನಸ್ಸು ಗಟ್ಟಿಯಿಲ್ಲ ಅಂತ ಬೈಯುವವರು ಈ ಕಥೆ ಓದಬೇಕು. ಅದು ಬರಗಾಲ ಬಂತು ಅಂದುಕೊಂಡ ದೇಹದ ಲೆಕ್ಕಾಚಾರ.

ಎರಡನೇ ಪಾಠ ಲಂಡನ್ನಿನ ಬಸ್ಸಿನಲ್ಲಿ ಸಿಕ್ಕಿತು. ಜೆರ‍್ರಿ ಮಾರಿಸ್ ಅನ್ನೋ ವೈದ್ಯ 35ರಿಂದ 64ರ ವಯಸ್ಸಿನ ಬಸ್ ಸಿಬ್ಬಂದಿಯನ್ನ ಗಮನಿಸಿ 1953ರಲ್ಲಿ ವರದಿ ಪ್ರಕಟಿಸಿದ. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಡ್ರೈವರ್ ಇಡೀ ಪಾಳಿ ಕೂತಿರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡೋಕೆ ದಿನವಿಡೀ ಮೆಟ್ಟಿಲು ಹತ್ತಿ ಇಳೀತಾನೆ. ಕಂಡಕ್ಟರುಗಳಿಗೆ ಹೃದ್ರೋಗ ಕಮ್ಮಿ, ಬಂದರೂ ತಡವಾಗಿ ಬರ್ತಿತ್ತು. 1956ರಲ್ಲಿ ಇನ್ನೊಂದು ತಮಾಷೆಯ ಅಧ್ಯಯನ ಬಂತು: ಸಿಬ್ಬಂದಿಯ ಸಮವಸ್ತ್ರದ ಪ್ಯಾಂಟಿನ ಸೊಂಟದ ಅಳತೆ. ಡ್ರೈವರುಗಳದ್ದೇ ಅಗಲ. ಆದರೆ ಈ ವ್ಯತ್ಯಾಸ ಕಿರಿಯ ವಯಸ್ಸಿನವರಲ್ಲೂ ಇತ್ತು! ಅಂದರೆ ದಪ್ಪಗಿದ್ದವರೇ ಡ್ರೈವರ್ ಕೆಲಸ ಹಿಡಿದರಾ ಅನ್ನೋ ಪ್ರಶ್ನೆ ಎದ್ದಿತು. ಮಾರಿಸ್ ತನ್ನ ತೀರ್ಮಾನವನ್ನೇ ಹೀಗೆ ಪರೀಕ್ಷೆಗೆ ಒಡ್ಡಿದ. ಅವರ ಲೆಕ್ಕ ನೋಡಿದರೆ, ಸೊಂಟ ಎಷ್ಟೇ ಇರಲಿ, ಓಡಾಡುವವರಿಗೆ ಹೃದಯದ ಲಾಭ ಇದ್ದೇ ಇತ್ತು.

"ವಯಸ್ಸಾಯ್ತು, ಮೆಟಬಾಲಿಸಂ ಸ್ಲೋ ಆಯ್ತು" ಅಂತ ನಲವತ್ತಾದವರು ಹೇಳೋದನ್ನ ದಿನಾ ಕೇಳ್ತೀವಿ. 2021ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ ನೋಡಿದರು. ದೇಹದ ಗಾತ್ರದ ಲೆಕ್ಕ ಹಿಡಿದರೆ, 20ರಿಂದ 60ರವರೆಗೆ ಮೆಟಬಾಲಿಸಂ ಹೆಚ್ಚುಕಮ್ಮಿ ಒಂದೇ ಸಮ. ಇಳಿಯೋದು 60ರ ನಂತರ, ಅದೂ ವರ್ಷಕ್ಕೆ ಶೇ. 0.7ರಷ್ಟು. ಅಂದರೆ ನಡುವಯಸ್ಸಿನ ಹೊಟ್ಟೆಗೆ ಮೂಲ ಹುಡುಕಬೇಕಾದ್ದು ಕಳ್ಳ ಮೆಟಬಾಲಿಸಂನಲ್ಲಲ್ಲ. ಕುರ್ಚಿ, ಕಾರು, ಕೆಟ್ಟ ನಿದ್ದೆ, ಕರಗುತ್ತಿರೋ ಸ್ನಾಯು, ರಾತ್ರಿ ಹನ್ನೊಂದಕ್ಕೆ ಬರೋ ಡೆಲಿವರಿ ಇವುಗಳಲ್ಲಿ. ಇದು ನಿಮ್ಮಂಥ ಮೂವತ್ತರ ಆಸುಪಾಸಿನವರಿಗೆ ಒಳ್ಳೆ ಸುದ್ದಿ ಅಂತಲೇ ನನ್ನ ಅಭಿಪ್ರಾಯ. ನಲವತ್ತಕ್ಕೆ ಯಾವ ಬಾಗಿಲೂ ಮುಚ್ಚಲ್ಲ.

ಮೂರನೇ ಪಾಠ ನ್ಯೂಯಾರ್ಕಿನ ಒಬ್ಬ ಗೃಹಿಣಿಯದು. ಜೀನ್ ನೈಡೆಚ್, 1961ರಲ್ಲಿ ತೂಕ 214 ಪೌಂಡ್. ಅಂಗಡಿಯಲ್ಲಿ ಸಿಕ್ಕ ಪರಿಚಯದ ಹೆಂಗಸು "ಹೆರಿಗೆ ಯಾವಾಗ?" ಅಂತ ಕೇಳಿದಳು. ಆಕೆ ಗರ್ಭಿಣಿ ಆಗಿರಲಿಲ್ಲ. ನಗರದ ಆರೋಗ್ಯ ಮಂಡಳಿಯ ಕ್ಲಿನಿಕ್ಕಿಗೆ ಹೋದಳು, ಊಟದ ಪಟ್ಟಿ ಸಿಕ್ಕಿತು. ಆದರೆ ಕದ್ದು ಬಿಸ್ಕತ್ತು ತಿನ್ನೋದನ್ನ ಅಲ್ಲಿ ಹೇಳಿಕೊಳ್ಳೋಕೆ ನಾಚಿಕೆ. ಅದಕ್ಕೆ ಆರು ಜನ ಗೆಳತಿಯರನ್ನ ಮನೆಗೆ ಕರೆದು ಅವರ ಮುಂದೆ ಹೇಳಿಕೊಂಡಳು. ಅವರೂ ತಮ್ಮ ತಮ್ಮ ಕಳ್ಳತನ ಹೇಳಿಕೊಂಡರು. ಆ ವಾರದ ಕೂಟ 1963ರಲ್ಲಿ 'ವೇಟ್ ವಾಚರ್ಸ್' ಕಂಪನಿಯಾಯ್ತು. ಊಟದ ಪಟ್ಟಿ ಸರ್ಕಾರದ್ದೇ, ಆಕೆ ಸೇರಿಸಿದ್ದು ಜೊತೆಯಲ್ಲಿ ಕೂತು ಕೇಳಿಸಿಕೊಳ್ಳೋ ನಾಲ್ಕು ಜನರನ್ನ. ಆಕೆಯ ತೂಕ 142ಕ್ಕೆ ಇಳಿಯಿತು. 2015ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡಳು.

ಈ ಮೂರೂ ಪಾಠಗಳನ್ನ ಒಟ್ಟಿಗೆ ಕಟ್ಟಿ ಪರೀಕ್ಷಿಸಿದ್ದು ಅಮೆರಿಕದ ಮಧುಮೇಹ ತಡೆ ಪ್ರಯೋಗ. 2002ರಲ್ಲಿ ಫಲಿತಾಂಶ ಬಂತು. 3,234 ಜನ, ಸರಾಸರಿ ವಯಸ್ಸು 51, ಎಲ್ಲರಿಗೂ ಸಕ್ಕರೆ ಕಾಯಿಲೆಯ ಅಂಚು. ಗುರಿ ಸಣ್ಣದು: ತೂಕದಲ್ಲಿ ಶೇ. 7 ಇಳಿಸೋದು, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ, ಆಗಾಗ ಮಾತಾಡಿಸೋಕೆ ಒಬ್ಬರು. 80 ಕಿಲೋ ಇರುವವರಿಗೆ ಶೇ. 7 ಅಂದರೆ ಐದೂವರೆ ಕಿಲೋ, ಅಷ್ಟೇ. ಅಷ್ಟಕ್ಕೇ ಮಧುಮೇಹ ಶೇ. 58 ಕಮ್ಮಿಯಾಯ್ತು, ಮೆಟ್‌ಫಾರ್ಮಿನ್ ಮಾತ್ರೆಯಿಂದ ಕಮ್ಮಿಯಾದದ್ದು ಶೇ. 31. ಹತ್ತು ವರ್ಷದ ಹೊತ್ತಿಗೆ ಇಳಿದ ತೂಕದಲ್ಲಿ ಹೆಚ್ಚಿನ ಪಾಲು ವಾಪಸ್ ಬಂದಿತ್ತು. ಆದರೂ ಮಧುಮೇಹ ಶೇ. 34 ಕಮ್ಮಿಯೇ ಇತ್ತು.

ನಮಗೆ ಇನ್ನೂ ಹತ್ತಿರದ್ದು ಚೆನ್ನೈನ ಪ್ರಯೋಗ. ಡಾ. ಎ. ರಾಮಚಂದ್ರನ್ ತಂಡ ಇಂಥದೇ ಅಂಚಿನಲ್ಲಿದ್ದ 531 ಭಾರತೀಯರನ್ನ ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ವರದಿ ಕೊಟ್ಟಿತು. ಸುಮ್ಮನೆ ಬಿಟ್ಟವರಲ್ಲಿ ಶೇ. 55 ಜನಕ್ಕೆ ಮಧುಮೇಹ ಬಂತು, ಊಟ-ನಡಿಗೆ ಬದಲಿಸಿದವರಲ್ಲಿ ಶೇ. 39 ಜನಕ್ಕೆ. ವಿಶೇಷ ಏನಂದ್ರೆ, ಬದಲಿಸಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ! ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ, ಆದರೂ ರೋಗ ಹಿಂದೆ ಸರಿಯಿತು.

ಹಾಗಂತ ತೂಕ ಬಿಟ್ಟುಬಿಡಿ ಅಂತಲ್ಲ. ಅಪ್ಪನಿಗೆ ಶುಗರ್ ಅಂತ ಗೊತ್ತಾದ ವಾರ ಜಿಮ್ ಸೇರಿ, ಅನ್ನ ಪೂರ್ತಿ ಬಿಟ್ಟು, ಎರಡು ತಿಂಗಳಾದಮೇಲೆ ಎರಡನ್ನೂ ಕೈಬಿಡುವ ಆಟ ಬೇಡ ಅಂತ. ಬ್ಯಾಂಟಿಂಗ್ ಪಟ್ಟಿ ನಮ್ಮ ಅಡುಗೆಮನೆಗೆ ಒಗ್ಗಲ್ಲ, ಒಗ್ಗಿಸಬೇಕಾಗಿಯೂ ಇಲ್ಲ. ತಟ್ಟೆಯಲ್ಲಿ ಅನ್ನ ಅರ್ಧ ಮಾಡಿ ಹುಳಿ-ಪಲ್ಯ, ಕಾಳು, ಮೊಸರು, ಮೊಟ್ಟೆ ಹೆಚ್ಚಿಸೋದು, ದಿನಕ್ಕೆ ಮೂರು ಕಾಫಿಯಲ್ಲಿ ಎರಡಕ್ಕೆ ಸಕ್ಕರೆ ಬಿಡೋದು, ಆಫೀಸಿನಲ್ಲಿ ಕಂಡಕ್ಟರನ ಹಾಗೆ ಮೆಟ್ಟಿಲು ಹತ್ತೋದು, ಕದ್ದು ತಿಂದದ್ದನ್ನ ಹೇಳಿಕೊಳ್ಳೋಕೆ ಒಬ್ಬ ಗೆಳೆಯನನ್ನ ಇಟ್ಟುಕೊಳ್ಳೋದು. ಇದರಲ್ಲಿ ಯಾವುದೂ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕುವಂಥದ್ದಲ್ಲ. ಈಗಾಗಲೇ ಶುಗರ್, ಬಿಪಿ ಮಾತ್ರೆ ತಗೊಳ್ಳುವವರು ಮಾತ್ರ ಊಟ ಬದಲಿಸೋ ಮುಂಚೆ ಡಾಕ್ಟರನ್ನ ಕೇಳಿ, ಯಾಕಂದ್ರೆ ಮಾತ್ರೆಯ ಪ್ರಮಾಣವೂ ಬದಲಾಗಬೇಕಾಗಬಹುದು. ಮಿಕ್ಕವರು ಈ ಭಾನುವಾರ ಒಂದನ್ನ ಆರಿಸಿಕೊಳ್ಳಿ. ವಾರಕ್ಕೆ 380 ಗ್ರಾಂ ಲೆಕ್ಕದಲ್ಲಿ ಮುಂದಿನ ಯುಗಾದಿಯ ಹೊತ್ತಿಗೆ ಎಲ್ಲಿರ್ತೀರಿ ಅಂತ ನೀವೇ ಕೂಡಿಸಿ ನೋಡಿ.